ಕಿಟಕಿಯಿಲ್ಲದ ಕೋಣೆಯ ಸಿಲಿಂಡರುಗಳು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪರೀಕ್ಷಿಸುವ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ. ಕಾಯಿಯಲ್ಲಿ ಉಳಿದ ಕೀಟನಾಶಕವನ್ನು ಪತ್ತೆಹಚ್ಚುವ ಸ್ಪೆಕ್ಟ್ರೋಮೀಟರಿನ ಉಸ್ತುವಾರಿ ನನ್ನದು. ಅದಕ್ಕೆ ಎಡೆಬಿಡದೆ ನೈಟ್ರೋಜನ್ ಬೇಕು. ಆಳೆತ್ತರದ ಸಿಲಿಂಡರುಗಳು ರಾಣೆಬೆನ್ನೂರಿನಿಂದ ಬರುತ್ತಿದ್ದವು. ಅವನ್ನು ನಿಲ್ಲಿಸಿದ್ದು ಯಂತ್ರದ ಪಕ್ಕದ, ಕಿಟಕಿಯೇ ಇಲ್ಲದ ಸಣ್ಣ ಕೋಣೆಯಲ್ಲಿ.

ಅವನ್ನು ಹೊರಗಿಟ್ಟು ಗೋಡೆಯಲ್ಲಿ ಪೈಪು ಹಾಯಿಸೋಣವೆಂದು ಮ್ಯಾನೇಜರಿಗೆ ಎರಡು ಸಲ ಬರೆದುಕೊಟ್ಟಿದ್ದೆ. ನೈಟ್ರೋಜನ್ನಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಒಳಗಿದ್ದವರಿಗೆ ಆಮ್ಲಜನಕವೇ ಸಿಗುವುದಿಲ್ಲ. ಹೊರಗಿಟ್ಟರೆ ಕಟ್ಟಡದ ಅಂದ ಕೆಡುತ್ತದೆಂದು ಅವರು ಕಾಗದವನ್ನು ಬದಿಗಿಟ್ಟರು.

ಒಂದು ಸೋಮವಾರ ಬೆಳಿಗ್ಗೆ ಕಸ ಗುಡಿಸುವ ಅಕ್ಕ ಆ ಕೋಣೆಯಲ್ಲಿ ಬಿದ್ದುಬಿಟ್ಟರು. ಕದರಮಂಡಲಗಿಯಿಂದ ಮೊದಲ ಬಸ್ಸಿಗೆ ಬರುವವರು. ಅರೆತೆರೆದ ಬಾಗಿಲಲ್ಲಿ ಅವರ ಪಾದಗಳಷ್ಟೇ ಕಂಡವು. ಉಸಿರು ಬಿಗಿಹಿಡಿದು, ಕಾಲು ಹಿಡಿದೇ ಹೊರಗೆಳೆದೆ. ಅಂಗಳದ ಗಾಳಿಗೆ ಕಣ್ಣುಬಿಟ್ಟರು. ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಕೋಣೆಗೆ ಗಾಳಿಯಾಡಿದ ಮೇಲೆ ಸಿಲಿಂಡರಿನ ಜೋಡಣೆಗೆ ಸೋಪಿನ ನೀರು ಹಚ್ಚಿದೆ. ಗುಳ್ಳೆಗಳು ಬುಸುಬುಸು ಎದ್ದವು. ವಾಲ್ವ್ ಮುಚ್ಚಿದೆ.

ಮಧ್ಯಾಹ್ನದೊಳಗೆ ಮ್ಯಾನೇಜರ ಟೇಬಲ್ಲಿನ ಮೇಲೆ ವರದಿ ಸಿದ್ಧವಿತ್ತು: ಉಪವಾಸದಿಂದ ತಲೆಸುತ್ತು.

"ಸೋಮವಾರ ಒಪ್ಪತ್ತು ಇರ್ತಾರ್ರಿ ಅವ್ರು. ಸಹಿ ಹಾಕ್ರಿ," ಎಂದರು.

ಅಂದು ಬೆಳಿಗ್ಗೆ ಆಕೆ ನನ್ನೆದುರಿಗೇ ಎರಡು ರೊಟ್ಟಿ, ಪುಂಡಿಪಲ್ಯ ತಿಂದು ಕಸಬರಿಗೆ ಹಿಡಿದು ಹೋಗಿದ್ದರು.

"ಸಹಿ ಹಾಕಂಗಿಲ್ರಿ. ಸಿಲಿಂಡರ್ ಹೊರಗ ಹೋಗೂತನಕ ವಾಲ್ವ್ ತೆರೆಯಂಗೂ ಇಲ್ಲ," ಎಂದೆ.

ಯಂತ್ರ ನಿಂತಿತು. ಹಂಗಾಮಿನ ದಿನ, ಮಾದರಿಗಳ ಚೀಲಗಳು ಟೇಬಲ್ ತುಂಬಿ ನೆಲಕ್ಕಿಳಿದವು, ವ್ಯಾಪಾರಿಗಳ ಫೋನು ಮೇಲಿಂದ ಮೇಲೆ. ಮೂರನೆಯ ದಿನ ವೆಲ್ಡಿಂಗಿನವರು ಬಂದು ಹಿಂದಿನ ಗೋಡೆಯ ಹೊರಗೆ ಸಿಲಿಂಡರುಗಳಿಗೆ ಕಬ್ಬಿಣದ ಜಾಲರಿ ಕಟ್ಟಿ, ಪೈಪು ಹಾಯಿಸಿ ಹೋದರು. ಒಂದು ಜೀವ ನೆಲಕ್ಕೆ ಬಿದ್ದಾಗ ಅಲುಗದವರು ಯಂತ್ರ ನಿಂತದ್ದಕ್ಕೆ ಅಲುಗಿದರು. ನನಗೆ ಸಿಕ್ಕದ್ದು ಅವಿಧೇಯತೆಯ ನೋಟಿಸು.

ವಾರದ ಮೇಲೆ ಅಕ್ಕ ಕೆಲಸಕ್ಕೆ ಬಂದರು. ನೋಟಿಸಿನ ಸುದ್ದಿ ಹೇಳಹೋದೆ, ಅವರಿಗದು ಬೇಕಿರಲಿಲ್ಲ.

"ನಾ ಉಪಾಸ ಇದ್ದೆ ಅಂತ ಬರದಾರಂತ, ಖರೇನ್ರಿ ಬಾಯಾರ?"

ಹೌದೆಂದೆ. ಕಸಬರಿಗೆ ಗೋಡೆಗಾನಿಸಿ ನೇರ ಮ್ಯಾನೇಜರ ಕೋಣೆಗೆ ಹೋದರು. ಉಂಡು ಬಂದಿದ್ದೆ, ವರದಿಯ ಆ ಸಾಲನ್ನು ಹೊಡೆದು ಹಾಕಿ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಮುಗಿದ ಮಾತು, ಈಗೇಕೆ ಎಂದು ಮ್ಯಾನೇಜರು ನಕ್ಕರು.

ನಾನು ಆ ಕೆಲಸ ಬಿಡುವ ದಿನವೂ ಆ ವರದಿಯ ಫೈಲು ತೆಗೆದು ನೋಡಿದೆ. ಆ ಸಾಲು ಹಾಗೆಯೇ ಇತ್ತು.