ಮೊನೆಯಿಲ್ಲದ ಚಾಕು

ತರಕಾರಿ ಹೆಚ್ಚುವುದಕ್ಕಲ್ಲ ಎಂದು ಎಷ್ಟು ಸಲ ಹೇಳಿದರೂ ತುಮಕೂರಿನ ಪಾತ್ರೆ ಅಂಗಡಿಯವನ ತಲೆಗೆ ಹೋಗಲಿಲ್ಲ. ಐವತ್ತು ದಾಟಿದ ಹೆಂಗಸು, ಹೆಗಲಲ್ಲಿ ವ್ಯಾನಿಟಿ ಬ್ಯಾಗು, ಕೊರಳಲ್ಲಿ ಸ್ಕೂಲಿನ ಐಡಿ ಕಾರ್ಡು. ಇಂಥವಳು ಬಂದು ಕುರಿ ಸುಲಿಯುವ ಚಾಕು ಕೊಡಿ ಎಂದರೆ ಯಾರು ತಾನೇ ನಂಬುತ್ತಾರೆ? ಮೊದಲು ಈರುಳ್ಳಿ ಚಾಕು ತೋರಿಸಿದ. ಬೇಡ ಎಂದಾಗ ಹಲಗೆ ಸಮೇತ ಬರುವ ಸೆಟ್ಟು ಇಳಿಸಿದ. ಕೊನೆಗೆ, "ಮನೆಯವ್ರನ್ನ ಕರ್ಕೊಂಡ್ ಬನ್ನಿ ಮೇಡಂ, ಅವ್ರಿಗ್ ಗೊತ್ತಿರುತ್ತೆ" ಎಂದ. ನಮ್ಮ ಮನೆಯವರಿಗೆ ಕೋಳಿಯ ರೆಕ್ಕೆ ಯಾವುದು, ತೊಡೆ ಯಾವುದು ಎಂದು ತಿಳಿಯುವುದೇ ತಟ್ಟೆಗೆ ಬಿದ್ದ ಮೇಲೆ. ನನಗೆ ಮೈಯೆಲ್ಲ ಉರಿದುಹೋಯಿತು. ಉಪ್ಪಾರಹಳ್ಳಿ ಬಡಾವಣೆಯ ಮನೆ ತಲುಪುವವರೆಗೂ ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ನನ್ನ ತವರು ಕುಣಿಗಲ್ ಕಡೆಯ ಹಳ್ಳಿ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ನಮ್ಮ ಕೇರಿಯ ಎಂಟು ಮನೆಯವರು ಸೇರಿ ಒಂದು ಟಗರು ಕಡಿದು, ಬಾಳೆ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಸುಲಿಯುವ ಕೆಲಸ ಯಾವಾಗಲೂ ಅಪ್ಪನದು. ಅದಕ್ಕೆ ಕೂಲಿ ಇಲ್ಲ. ಸುಲಿದವರಿಗೆ ಟಗರಿನ ತಲೆ ಸೇರುತ್ತದೆ, ಎಲ್ಲರೆದುರು ಕರೆದು ಕೊಡುತ್ತಾರೆ, ಅದೇ ಮರ್ಯಾದೆ. ಈಗ ಅಪ್ಪನ ಎರಡೂ ಕಣ್ಣು ಹೋಗಿವೆ. ಹೋದ ವರ್ಷ ಇನ್ಯಾರೋ ಕೈಹಾಕಿ ಕರುಳು ಹರಿದು, ಮಾಂಸವೆಲ್ಲ ಗಬ್ಬೆದ್ದು, ತಿಂದವರು ಮೂಗು ಮುಚ್ಚಿಕೊಂಡೇ ತಿಂದರು. ಅಪ್ಪನನ್ನು ಜೊತೆಯಲ್ಲಿಟ್ಟುಕೊಂಡಿರುವ ಚಿಕ್ಕಪ್ಪ ಈ ಸಲ ಫೋನು ಮಾಡಿ, ಸುಮ್ಮನೆ ಕುಣಿಗಲ್ ಅಂಗಡಿಯಿಂದ ಕೆಜಿ ಲೆಕ್ಕದಲ್ಲಿ ತಂದುಬಿಡುತ್ತೇವೆ ಎಂದ.

"ನಾನ್ ಸುಲೀತೀನಿ" ಎಂದೆ.

ಆ ಕಡೆ ನಗು. "ಮಕ್ಳಿಗ್ ಪಾಠ ಹೇಳ್ದಂಗಲ್ಲ ಕಣವ್ವ ಅದು." ನಾನು ಬಿಡಲಿಲ್ಲ. ಕೊನೆಗೆ, "ಆಯ್ತು ಬುಡು, ಚಾಕು ಮಾತ್ರ ನೀನೇ ತಂದ್ಕೋ" ಎಂದ. ಅಪ್ಪನ ಚಾಕು ಮಸೆದು ಮಸೆದು ಹಲ್ಲುಕಡ್ಡಿಯಂತಾಗಿ ಯಾವತ್ತೋ ಮುರಿದಿತ್ತು.

ನಾನು ಬಾಯಿಗೆ ಬಂದದ್ದು ಆಡಿದವಳಲ್ಲ. ಅಪ್ಪನಿಗೆ ನಾನೊಬ್ಬಳೇ ಮಗಳು. ಆಗೆಲ್ಲ ಹೊಸತೊಡಕು ಎಂದರೆ ಗಂಡಸರು ಬಲೆ ಹಿಡಿದು ಮೊಲದ ಬೇಟೆಗೆ ಹೊರಡುತ್ತಿದ್ದರು. ಅದು ಕಾನೂನಿಗೆ ವಿರುದ್ಧ ಎಂಬ ಸುದ್ದಿ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಅಪ್ಪ ನನ್ನನ್ನು ಹಿತ್ತಲಿನಲ್ಲಿ ಕೂರಿಸಿಕೊಂಡು, ತಂದ ಮೊಲಗಳನ್ನು ನನ್ನ ಕೈಯಿಂದಲೇ ಸುಲಿಸುತ್ತಿದ್ದ. ಚಾಕು ಬೆರಳುದ್ದ ಸಾಕು, ಮೊನೆ ಮೊಂಡಾಗಿರಬೇಕು, ಹೊಟ್ಟೆ ಸೀಳುವಾಗ ಅಲಗು ಮೇಲ್ಮುಖವಾಗಿರಬೇಕು, ಒಳಗಿನ ಯಾವುದಕ್ಕೂ ತಾಗಬಾರದು. ಕೊಬ್ಬು ಹತ್ತಿದರೂ ಹಿಡಿ ಜಾರಬಾರದು. ಇಷ್ಟನ್ನು ನಾನು ಅ ಆ ಇ ಈ ಕಲಿತಂತೆ ಕಲಿತಿದ್ದೆ. ಟಗರಿನ ಆ ತಲೆ ಈ ಸಲ ನನ್ನ ಹೆಸರು ಕೂಗಿ ನನ್ನ ಕೈಗೆ ಬರಬೇಕು ಎಂಬ ಆಸೆ ಇತ್ತು. ಆಸೆ ಏನು, ಹಟ.

ಅಂಗಡಿ ಬೇಡವೆಂದು ಆನ್‌ಲೈನ್‌ನಲ್ಲಿ ಬೇಟೆಯ ಚಾಕು ತರಿಸಿದೆ. ಡಬ್ಬಿ ಬಿಚ್ಚಿದರೆ ಮೊಳದುದ್ದದ ಆಯುಧ! ಬೆನ್ನಿಗೆ ಗರಗಸದ ಹಲ್ಲು, ತುದಿಯಲ್ಲಿ ಕೊಕ್ಕೆ, ಹಿಡಿಯ ಹಿಂದೆ ದಿಕ್ಸೂಚಿ. ಟಗರಿನ ಹೊಟ್ಟೆಯೊಳಗೆ ಉತ್ತರ ದಿಕ್ಕು ಹುಡುಕುವವರು ಯಾರೋ ಕಾಣೆ. ವಾಪಸು ಕಳಿಸಲು ಹೋದರೆ ಅದು ಇದು ಒತ್ತು ಎಂದು ಮೊಬೈಲು ಸತಾಯಿಸಿತು. ನಮ್ಮ ಮನೆಯವರು ಅದನ್ನು ಹಿಡಿದು ಕನ್ನಡಿ ಮುಂದೆ ನಿಂತು, "ಹೆಂಗಿದೀನಿ?" ಎಂದರು. ನನಗೆ ನಗು ಬರಲಿಲ್ಲ.

ನಾನು ಕೆಲಸ ಮಾಡುವ ಶಾಲೆ ಗುಬ್ಬಿಯಲ್ಲಿ. ಅಲ್ಲಿ ಮಚ್ಚು, ಕುಡುಗೋಲು ಬಡಿಯುವ ಒಂದು ಕುಲುಮೆ ಇನ್ನೂ ಉಳಿದಿದೆ. ಶಾಲೆ ಬಿಟ್ಟ ಮೇಲೆ ಹೋಗಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಕುಲುಮೆಯವನು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೊನೆ ಇಲ್ದಿದ್ರೆ ಚಾಕು ಅಂತಾರೇನಮ್ಮ?" "ಅಂತಾರೆ. ನೀವ್ ಮಾಡಿ." ಸರಿ ಎಂದ. ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸಿ, ಅಂತೂ ಕೈಗಿಟ್ಟಾಗ ಸೂಜಿಯಂಥ ಮೊನೆ! "ನಿಮಗ್ ಗೊತ್ತಾಗ್ಲಿಲ್ಲ ಅಂತ ನಾನೇ ಸರಿ ಮಾಡ್ದೆ" ಎಂದ, ಉಪಕಾರ ಮಾಡಿದವನ ಮುಖ ಹೊತ್ತು. ಅಳು ಬರುವಷ್ಟು ಸಿಟ್ಟು ಬಂತು. ಮನೆಗೆ ತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಮೊನೆಯನ್ನು ನಾನೇ ಉಜ್ಜಿ ಉಜ್ಜಿ ತೆಗೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

ಹೊಸತೊಡಕಿನ ಬೆಳಗ್ಗೆ ಊರಿಗೆ ಹೋದೆವು. ಕಡಿಯುವವರು ಕಡಿದು, ಹಿಂಗಾಲು ಕಟ್ಟಿ ಟಗರನ್ನು ಹುಣಸೆ ಕೊಂಬೆಗೆ ನೇತುಹಾಕಿದರು. ಸೀರೆ ಸೆರಗು ಸಿಕ್ಕಿಸಿಕೊಂಡು ನಿಂತಾಗ ಹಿಂದಿನಿಂದ, "ಟೀಚರಮ್ಮ, ಹುಷಾರು" ಎಂದು ಯಾರೋ ಹಲ್ಲು ಕಿಸಿದರು. ಹಿಮ್ಮಡಿಯಿಂದ ಶುರುಮಾಡಿ, ಮುಷ್ಟಿಯಿಂದ ತೊಗಲು ಬಿಡಿಸುತ್ತಾ ಇಳಿದೆ. ಹೊಟ್ಟೆಗೆ ಬಂದಾಗ ಎರಡು ಬೆರಳು ಒಳಗಿಟ್ಟು, ಅವುಗಳ ನಡುವೆ ಅಲಗು ಮೇಲೆ ಮಾಡಿ ಎಳೆದೆ. ಕರುಳು ಒಂದು ಗೀರೂ ಇಲ್ಲದೆ ಬೋಗುಣಿಗೆ ಜಾರಿತು. ಒಡೆದರೆ ಮಾಂಸವೆಲ್ಲ ಕಹಿಯಾಗುವ ಪಿತ್ತದ ಚೀಲವನ್ನು ಇಡಿಯಾಗಿ ತೆಗೆದು ಕೈಯಲ್ಲಿ ಎತ್ತಿ ತೋರಿಸಿದೆ. ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅಪ್ಪ ಮೂಗೆಳೆದು ಗಾಳಿ ನೋಡಿ, "ವಾಸ್ನೆ ಇಲ್ಲ. ಚೆಂದಾಗ್ ಮಾಡವ್ಳೆ" ಎಂದ. ಅಷ್ಟು ದಿನದ ಅಲೆದಾಟವೆಲ್ಲ ಸಾರ್ಥಕ ಎನ್ನಿಸಿತು.

ಗುಡ್ಡೆಗಳು ಸಿದ್ಧವಾದವು. ನಮ್ಮಲ್ಲಿ ಒಬ್ಬರು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಇನ್ನೊಬ್ಬರು ಯಾವುದೋ ಗುಡ್ಡೆ ಮುಟ್ಟಿ ಇದು ಯಾರದು ಎನ್ನುತ್ತಾರೆ. ಬೆನ್ನು ತಿರುಗಿಸಿದವರು ಕೂಗಿದ ಮನೆಗೆ ಆ ಗುಡ್ಡೆ. ಪಕ್ಷಪಾತಕ್ಕೆ ಜಾಗವಿಲ್ಲ. ಕಣ್ಣು ಹೋದ ಮೇಲೆ ಕೂಗುವ ಕೆಲಸ ಅಪ್ಪನಿಗೇ ಬಿದ್ದಿದೆ. ಚಿಕ್ಕಪ್ಪ ಮುಟ್ಟುತ್ತಾ ಹೋದ, ಅಪ್ಪ ಕೂಗುತ್ತಾ ಹೋದ. ಮೇಲ್ಮನೆ. ಬಾವಿ ಮನೆ. ಗುಡ್ಡೆಗಳೆಲ್ಲ ಮುಗಿದವು. ಉಳಿದದ್ದು ತಲೆ.

"ಇದು ಸುಲಿದೋರ್ದು. ಯಾರಿಗ್ ಕೊಡ್ಲಿ?" ಎಂದ ಚಿಕ್ಕಪ್ಪ.

"ಅಳಿಯಂದ್ರಿಗೆ" ಎಂದ ಅಪ್ಪ.

ಅಷ್ಟು ಹೊತ್ತೂ ದೂರದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ನಮ್ಮ ಮನೆಯವರು ಗಾಬರಿಯಾದರು. ನನ್ನ ಮೊಣಕೈವರೆಗೆ ಇನ್ನೂ ರಕ್ತ ಇತ್ತು. "ಅಪ್ಪ, ಸುಲಿದೋಳ್ ನಾನು" ಎಂದೆ.

"ಗೊತ್ತು ಕಣವ್ವ. ಯಾರ್ ಹೆಸ್ರಿಗ್ ಹೋದ್ರೇನು, ಬೇಯ್ಸೋಳ್ ನೀನೇ ಅಲ್ವಾ?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. ಅಂಗಡಿಯವನ ಮೇಲೆ, ಕುಲುಮೆಯವನ ಮೇಲೆ ಸಿಟ್ಟು ಮಾಡಬಹುದು. ಕಲಿಸಿದವನ ಮೇಲೆ ಹೇಗೆ ಮಾಡುವುದು? ತಲೆಯನ್ನು ಎಲೆಯಲ್ಲಿ ಸುತ್ತಿ ನಮ್ಮ ಮನೆಯವರ ಕೈಗಿಟ್ಟು, "ನಿಮ್ಗೇ ಅಂತೆ. ಬೇಯ್ಸೋದೂ ನೀವೇ" ಎಂದು ಕೈ ತೊಳೆಯಲು ಹೋದೆ.

ವಾಪಸು ಬರುವಾಗ ಹೆಬ್ಬೂರಿನಲ್ಲಿ ಕಾರು ನಿಲ್ಲಿಸಿ ಅವರು ಹೆದರುತ್ತಾ ಕೇಳಿದರು, "ತಲೆ ಮೊದ್ಲು ಸುಡ್ಬೇಕಾ, ತೊಳೀಬೇಕಾ?" ಅಪ್ಪನನ್ನು ಕೇಳಿ ಎಂದೆ. ಅವರು ನಿಜವಾಗಿಯೂ ಫೋನು ಮಾಡಿದರು, ಸ್ಪೀಕರ್ ಹಾಕಿ.

"ಅವ್ಳುನ್ನೇ ಕೇಳಿ" ಎಂದ ಅಪ್ಪ. "ಸುಲಿಯೋದ್ರಿಂದ ಹಿಡ್ದು ಆ ಕೆಲ್ಸ ಎಲ್ಲಾ ನಂಗಿಂತ ಅವ್ಳಿಗೇ ಚೆಂದಾಗ್ ಬತ್ತದೆ."

ಈ ಮಾತನ್ನು ಹುಣಸೆ ಮರದ ಕೆಳಗೆ, ಎಂಟು ಮನೆಯವರ ಮುಂದೆ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು? ಫೋನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.