ಎಡಗೈಯ ಜವರಮ್ಮ

ಸುರುಳಿ ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಚಿತ್ರವಲ್ಲ, ವಾಸನೆ. ಬೆಂದು ಹದಕ್ಕೆ ಬಂದ ಹೊಗೆಸೊಪ್ಪಿನ ವಾಸನೆ. ಮೊದಲು ಜೇನಿನ ಹಾಗೆ ಸಿಹಿ, ಆಮೇಲೆ ಗಂಟಲಿಗೆ ಸಣ್ಣ ಘಾಟು. ಅದರ ಬೆನ್ನಿಗೇ ಸೀಮೆಎಣ್ಣೆ, ಪ್ರೆಸ್ಸಿನ ಕಪ್ಪು ಮಸಿ, ಸುತ್ತಿಟ್ಟಿದ್ದ ಹಳೆಯ ಸೀರೆ ತುಂಡು. ಮೈಸೂರಿನ ಆ ಗ್ಯಾಲರಿಯಲ್ಲಿ ಎಲ್ಲವೂ ಬಿಳಿ. ಗೋಡೆ ಬಿಳಿ, ಮೇಜು ಬಿಳಿ, ಚಿತ್ರ ಮುಟ್ಟಲು ಹಾಕಿಕೊಳ್ಳುವ ಕೈಗವಸೂ ಬಿಳಿ. ನಮ್ಮ ಹುಣಸೂರು ಕಡೆಯ ಹಳೆಯ ಅಚ್ಚುಚಿತ್ರಗಳನ್ನು ಹುಡುಕಿ ತಂದು ಪ್ರದರ್ಶನ ಮಾಡುತ್ತಿದ್ದ ಹುಡುಗಿ ಸ್ಫೂರ್ತಿ ಎರಡು ಸಲ ಸೀನಿ, "ಸಾರಿ ಮೇಡಂ, ಡಸ್ಟ್ ಇರ್ಬೇಕು" ಎಂದಳು. ಡಸ್ಟ್ ಅಲ್ಲ ತಾಯಿ, ಅದು ನಮ್ಮ ಮನೆ ಎಂದು ಹೇಳಬೇಕೆನಿಸಿತು. ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಚಿಕ್ಕಪ್ಪ ಮೂಗರಳಿಸಿ, ಕಣ್ಣು ಮುಚ್ಚಿ, ಒಂದೇ ಮಾತು ಅಂದ: "ಬ್ಯಾರನ್ನು."

ಬ್ಯಾರನ್ನು ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಎರಡಾಳೆತ್ತರದ, ಕಿಟಕಿಯಿಲ್ಲದ ಕಟ್ಟಡ. ಒಳಗೆ ನೆಲದ ಮೇಲೆ ಬಿಸಿಗಾಳಿ ಹರಿಯುವ ತಗಡಿನ ಕೊಳವೆಗಳು, ಮೇಲೆ ಸೂರಿನವರೆಗೂ ಸಾಲು ಸಾಲು ಅಡ್ಡಗಳುಗಳು. ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ ಆ ಗಳುಗಳ ಮೇಲೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿದರೆ ಕೆಲವೇ ದಿನಗಳಲ್ಲಿ ಎಲೆ ಬಂಗಾರದ ಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥದ ನೀರಿನ ಸದ್ದು ಕೇಳುವಷ್ಟು ದೂರದಲ್ಲಿ, ನಮ್ಮ ಮನೆಯ ಬೆನ್ನಿಗೆ ಅಂಥದೊಂದು ಬ್ಯಾರನ್ನು ಇತ್ತು. ಸೊಪ್ಪು ಗೌಡರದ್ದು, ಬ್ಯಾರನ್ನೂ ಗೌಡರದ್ದು. ಕಟ್ಟುವ ಕೈ ಮಾತ್ರ ನಮ್ಮ ಅಜ್ಜಿ ಜವರಮ್ಮನದು, ನಮ್ಮವ್ವನದು. ಎಲೆಯ ಅಂಟು ಅಜ್ಜಿಯ ಬೆರಳಿಗೆ ಕಪ್ಪಗೆ ಮೆತ್ತಿಕೊಂಡು, ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಹೋಗದೆ, ಅವಳು ಮುರಿದುಕೊಟ್ಟ ಮುದ್ದೆಯ ತುತ್ತಿನಲ್ಲಿ ಒಂದು ಕಹಿ ಇರುತ್ತಿತ್ತು. ಈಗಲೂ ಎಲ್ಲಾದರೂ ಕಹಿ ನಾಲಿಗೆಗೆ ತಾಗಿದರೆ ನನಗೆ ಹೊಟ್ಟೆ ಹಸಿಯುತ್ತದೆ. ಅಜ್ಜಿಗೆ ಬಲಮೂಗಿಗೆ ಕೆಂಪು ಹರಳಿನ ಬೊಟ್ಟು, ಎಡಹುಬ್ಬಿನ ಮೇಲೆ ಬ್ಯಾರನ್ನಿನ ಕೊಳವೆ ತಾಗಿ ಸುಟ್ಟ ಗುರುತು. ಪಡಸಾಲೆಯ ಕಂಬಕ್ಕೆ ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿಯಲ್ಲಿ ಬೆಳಿಗ್ಗೆ ಒಂದು ಸಲ ಮುಖ ನೋಡಿಕೊಂಡು, ತಲೆ ಬಾಚಿ, ತುರುಬಿಗೆ ಗಂಟು ಹಾಕಿದಳೆಂದರೆ ಮುಗಿಯಿತು. ಆಮೇಲೆ ಅವಳ ಮುಖ ಊರಿನವರದು. ನಿಮ್ಮ ಮನೆಯಲ್ಲೂ ಅಂಥದೊಂದು ಕನ್ನಡಿ ಇದ್ದಿರಬೇಕು, ಅಂಚಿನ ರಸ ಹೋಗಿ, ಎಲ್ಲರ ಕೆನ್ನೆಯ ಮೇಲೂ ಒಂದೇ ಕಲೆ ತೋರಿಸುವಂಥದ್ದು.

ಚಿಕ್ಕಪ್ಪ ನಿಂಗರಾಜು ಎಸ್ಸೆಸ್ಸೆಲ್ಸಿ ಫೇಲಾಗಿ ಮೈಸೂರಿಗೆ ಹೋಗಿ, ಮದುವೆ ಕಾರ್ಡು, ಬಟ್ಟೆ ಚೀಲಗಳ ಮೇಲೆ ಅಕ್ಷರ ಒತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಬರುತ್ತಿದ್ದ ಚಿತ್ರಕಲೆಯ ಹುಡುಗರ ಜೊತೆ ಸೇರಿ ಮರ ಕೆತ್ತಿ ಚಿತ್ರ ಅಚ್ಚು ಹಾಕುವುದನ್ನು ಕಲಿತ. ಒಂದು ದಿನ ಬಟ್ಟೆಗಳಿಗಿಂತ ಹೆಚ್ಚು ಉಳಿಗಳಿದ್ದ ಚೀಲ ಹೊತ್ತುಕೊಂಡು ಊರಿಗೆ ಬಂದುಬಿಟ್ಟ. ಹುಣಸೂರಿನಲ್ಲಿ ಬಾಗಿಲು ಕೆತ್ತುವ ಮನೆತನದ ಅನ್ವರಣ್ಣ ಅವನಿಗೆ ಜೊತೆಯಾದ. ತೇಗದ ಬಾಗಿಲು ಮಾಡಿ ಉಳಿದ ತುಂಡು ಹಲಗೆಗಳನ್ನು ಅನ್ವರಣ್ಣ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ. ಹಲಗೆಯ ಮೇಲೆ ಚಿತ್ರ ಕೆತ್ತಿ, ಉಬ್ಬಿದ ಭಾಗಕ್ಕೆ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ, ಬೆನ್ನಿನಿಂದ ಉಜ್ಜಬೇಕು. ಯಂತ್ರ ಎಲ್ಲಿ ತರುವುದು? ನಮ್ಮವ್ವನ ಹಿತ್ತಾಳೆ ಸೌಟಿನ ಬೆನ್ನೇ ಯಂತ್ರ. ಆ ಸದ್ದು ಈಗಲೂ ಕಿವಿಯಲ್ಲಿದೆ. ಕಾಗದದ ಮೇಲೆ ಹಿತ್ತಾಳೆ ಉರುಳುವ, ಬೆಕ್ಕು ಗುರುಗುಟ್ಟಿದಂಥ ಮೆತ್ತನೆಯ ಸದ್ದು. ಅವ್ವ ಅಡುಗೆಮನೆಯಿಂದ "ಸೌಟೆಲ್ಲಿ ಓಯ್ತು?" ಎಂದು ಕೂಗಿದರೆ ಅಜ್ಜಿ ಜಗಲಿಯಿಂದಲೇ, "ಸಾರು ಬಡಿಸೋ ಸೌಟಲ್ಲಿ ನಿನ್ ಮೈದ್ನ ಮಸಿ ಬಡಿಸ್ತಾವ್ನೆ, ಓಗಿ ಇಸ್ಕೊ" ಅನ್ನುತ್ತಿದ್ದಳು.

ಇಬ್ಬರೂ ಸೇರಿ ಪ್ರದರ್ಶನ ಮಾಡಬೇಕೆಂದು ಹುಣಸೂರೆಲ್ಲ ತಿರುಗಿದರು. ಚಿತ್ರ ತೂಗುಹಾಕಲು ಯಾರೂ ಗೋಡೆ ಕೊಡಲಿಲ್ಲ. ಕೊನೆಗೆ ನಮ್ಮ ಹಿತ್ತಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಅನ್ವರಣ್ಣ ತಲೆಯೆತ್ತಿ ಬ್ಯಾರನ್ನಿನ ಕಡೆ ನೋಡಿ, "ಅರೆ ರಾಜು, ಮನೆ ಇಂದೆ ಇಷ್ಟು ದೊಡ್ಡ ಗ್ಯಾಲರಿ ಮಡಿಕ್ಕೊಂಡು ಊರ್ ಊರೆಲ್ಲಾ ತಿರೀತಾ ಇದ್ದೀಯಲ್ಲೋ!" ಎಂದ. ಸಂಕ್ರಾಂತಿ ಕಳೆದ ಮೇಲೆ ಬ್ಯಾರನ್ನು ಖಾಲಿ. ಗಳು ಇದ್ದವು, ಕಡ್ಡಿ ಇದ್ದವು. ಗೌಡರೂ ನಕ್ಕು, "ಬೆಂಕಿ ಒಂದು ಅಚ್ಬೇಡ್ರಪ್ಪ" ಎಂದು ಬೀಗದ ಕೈ ಕೊಟ್ಟರು. ಆ ಪ್ರದರ್ಶನದ ನಡುವೆ ತನ್ನ ತಾಯಿಯ ಚಿತ್ರವೇ ಇರಬೇಕೆಂಬುದು ಚಿಕ್ಕಪ್ಪನ ಆಸೆ. ಅಜ್ಜಿಯ ಒಂದೂ ಫೋಟೋ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ವೋಟರ್ ಕಾರ್ಡಿನಲ್ಲಿ ಒಂದಿತ್ತು. ಅದು ಮಸಿಯ ಒಂದು ಗುಪ್ಪೆ. ಅದನ್ನು ತೋರಿಸಿ ಯಾರ ಅಜ್ಜಿ ಬೇಕಾದರೂ ವೋಟು ಹಾಕಿ ಬರಬಹುದಿತ್ತು.

ಆ ಸಲದ ಕೊನೆಯ ಸೊಪ್ಪು ಕಟ್ಟುತ್ತಿದ್ದಾಗ ಚಿಕ್ಕಪ್ಪ ಅಜ್ಜಿಯ ಎದುರಿಗೆ ಹಲಗೆ ಇಟ್ಟುಕೊಂಡು ಕೂತ. "ಸುಮ್ನೆ ಕೂತ್ಕೊಳವ್ವ ವಸಿ" ಎಂದರೆ, "ಸುಮ್ನೆ ಕೂತ್ರೆ ಸೊಪ್ಪು ನಿಮ್ಮಪ್ಪ ಬಂದು ಕಟ್ತಾನಾ?" ಎಂದು ಅವಳು ಕೈ ನಿಲ್ಲಿಸಲಿಲ್ಲ. ಅವನು ಅವಸರದಲ್ಲಿ, ಕಂಡದ್ದನ್ನು ಕಂಡ ಹಾಗೆಯೇ ಹಲಗೆಯ ಮೇಲೆ ಬರೆದ. ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗಿ ಬೀಳುತ್ತದೆ ಎಂದು ಅವನಿಗೆ ತಿಳಿಯದೇ? ಅಕ್ಷರಗಳನ್ನು ತಿರುಗಿಸಿ ಕೆತ್ತುವುದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ತಾಯಿಯ ಮುಖ ಅಕ್ಷರವಲ್ಲವಲ್ಲ. ಹಲಗೆಯ ಮೇಲೆ ಅವಳು ಅವಳ ಹಾಗೆಯೇ ಇದ್ದಳು, ಅವನು ಮರೆತ. ಹಲಗೆ ದೊಡ್ಡದೆಂದು ಹುಣಸೂರಿನಲ್ಲಿ ಅನ್ವರಣ್ಣನ ಮನೆಯಲ್ಲೇ ಕೆತ್ತಿ, ಅಲ್ಲೇ ನಾಲ್ಕೈದು ಪ್ರತಿ ಹಾಕಿದರು. ಪ್ರದರ್ಶನದ ದಿನ ಬೆಳಿಗ್ಗೆ ಹಸಿ ಮಸಿಯ ಚಿತ್ರಗಳ ಜೊತೆ ಬಂದಾಗ ಚಿಕ್ಕಪ್ಪನ ಮುಖದಲ್ಲಿ ಗೆಲುವಿರಲಿಲ್ಲ. "ಏನೋ ಒಂದು ತಪ್ಪೋಗದೆ ಕಣತ್ತಿಗೆ, ಏನೂಂತ ಗೊತ್ತಾಯ್ತಿಲ್ಲ" ಎಂದು ನಮ್ಮವ್ವನಿಗೆ ಹೇಳಿದ. ಅವ್ವ ರಾಗಿ ಬೀಸುವ ಗಡಿಬಿಡಿಯಲ್ಲಿ, "ನಿದ್ದೆಗೆಟ್ಟಿದ್ದೀಯ, ಉಂಡು ಓಗು" ಎಂದಳು.

ಬ್ಯಾರನ್ನಿನಲ್ಲಿ ಎಲೆಯ ಬದಲು ಕಾಗದಗಳು ತೂಗುತ್ತಿದ್ದವು. ಬಾಗಿಲಿನಿಂದ ಬಿದ್ದ ಬೆಳಕಿಗೆ ಅವು ಒಂದಿಷ್ಟೇ ಅಲುಗುತ್ತಿದ್ದವು, ಮಸಿ ಹೊಳೆಯುತ್ತಿತ್ತು. ಊರಿನವರು ಬಂದರು. ಹೊಳೆ, ಎತ್ತಿನ ಗೊರಸು, ಹುಣಸೂರು ಸಂತೆಯ ತಕ್ಕಡಿ, ಅನ್ವರಣ್ಣನ ತಂದೆಯ ಗಡ್ಡ, ಎಲ್ಲವನ್ನೂ ಬೆರಳು ತೋರಿಸಿ ಗುರುತು ಹಿಡಿದರು. "ಇದ್ಯಾವ ಪಾರ್ಟಿ ಪೋಸ್ಟ್ರು ನಿಂಗ?" ಎಂದು ಒಬ್ಬ ಕೇಳಿದ. "ಕಾಗ್ದ ಬೆಂದದಾ, ಇಳ್ಸೋಣ್ವಾ?" ಎಂದು ಇನ್ನೊಬ್ಬ. ಚಿಕ್ಕಪ್ಪನೂ ನಗುತ್ತಿದ್ದ. ಅಷ್ಟರಲ್ಲಿ ಅಜ್ಜಿಯ ಜೊತೆ ಸೊಪ್ಪು ಕಟ್ಟುತ್ತಿದ್ದ ಕೆಂಪಮ್ಮ ನಡುವಿನ ಚಿತ್ರದ ಮುಂದೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅಯ್ಯೋ, ಜವರಕ್ಕ ಎಡಚಿ ಆಗ್ಬುಟ್ಟವ್ಳೆ! ಎಡಗೈಲಿ ಸೊಪ್ಪು ಕಟ್ತಾವ್ಳೆ ನೋಡ್ರೇ!" ನಗು ಬ್ಯಾರನ್ನಿನ ಸೂರಿಗೆ ಬಡಿದು ಕೆಳಗಿಳಿಯಿತು. "ಮೂಗ್ಬೊಟ್ಟೂ ಆ ಕಡೀಕ್ ಓಗದೆ." "ಸುಟ್ಟಿದ್ ಗಾಯಾನೂವೆ." ಆಮೇಲೆ ಯಾರೋ ಅಂದರು, ಯಾರೆಂದು ಕತ್ತಲಿನಲ್ಲಿ ಕಾಣಲಿಲ್ಲ: "ಎತ್ತ ತಾಯ್ನೇ ನೆಟ್ಟಗೆ ನೋಡಿಲ್ವೇನ್ಲಾ ನಿಂಗ?"

ಆ ಮಾತು ತಾಗಿತು. ಜನ ಹೋಗುವವರೆಗೂ ಚಿಕ್ಕಪ್ಪ ಕಾದ. ಆಮೇಲೆ ಅಜ್ಜಿಯ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಹರಿದ. ಹಲಗೆಯನ್ನು ಹಿತ್ತಲಿಗೆ ತಂದು, ಅನ್ವರಣ್ಣ "ಬೇಡ ರಾಜು, ಬೇಡ ಕಣೋ" ಎನ್ನುತ್ತಿದ್ದರೂ ಕೇಳದೆ ಉಜ್ಜುಗೊರಡು ಹಿಡಿದು ಕೆತ್ತನೆಯನ್ನೇ ಸವರತೊಡಗಿದ. ಒಂದು ಮಗ್ಗುಲಿಗೆ ಕಪ್ಪು ಮಸಿ, ಇನ್ನೊಂದು ಮಗ್ಗುಲಿಗೆ ತೇಗದ ಹೊಂಬಣ್ಣ, ಅಂಥ ಸುರುಳಿ ಸುರುಳಿ ಹೆರಕಲು ನೆಲಕ್ಕೆ ಬೀಳುತ್ತಿತ್ತು. ಅಷ್ಟು ಹೊತ್ತಿಗೆ ಅಜ್ಜಿ ಹಸುವಿಗೆ ಹುಲ್ಲು ತರಲು ಹೋದವಳು ಹೊರೆ ಇಳಿಸಿ, ಸೀರೆ ಕೊಡವಿಕೊಂಡು, ತನ್ನ ಚಿತ್ರ ನೋಡಲೆಂದು ಬಂದಳು. "ಎಲ್ಲಾ ಮುಗುದೋಯ್ತಾ? ನಾನೆಲ್ಲಿ?" ಎಂದಳು. ಚಿಕ್ಕಪ್ಪ ತಲೆಯೆತ್ತಲಿಲ್ಲ. "ತಪ್ಪಾಯ್ತು ಕಣವ್ವ. ನಿನ್ ಮಕ ತಿರುಗ್ಬುಟ್ಟು ಬಂದದೆ." ಗಳುವಿನ ಮೇಲೆ ಅವನ ಕೈಗೆ ಎಟುಕದೆ ಉಳಿದಿದ್ದ ಒಂದು ಪ್ರತಿಯನ್ನು ಅನ್ವರಣ್ಣ ಇಳಿಸಿ ಅಜ್ಜಿಯ ಕೈಗೆ ಕೊಟ್ಟ.

ಅಜ್ಜಿ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಪಡಸಾಲೆಗೆ ಹೋಗಿ ಕನ್ನಡಿಯ ಪಕ್ಕಕ್ಕೆ ಹಿಡಿದು, ಕನ್ನಡಿಯನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದಳು. "ತಪ್ಪೆಲ್ಲಾಗದೆ? ನಾನ್ ಇಂಗೇ ಅಲ್ವೇನ್ಲಾ ಇರೋದು?" ಎಂದಳು. ನಮಗೆ ಯಾರಿಗೂ ಅರ್ಥವಾಗಲಿಲ್ಲ. ಅವಳಿಗೆ ನಮ್ಮ ಮಂಕುತನ ಕಂಡು ಸ್ವಲ್ಪ ಸಿಟ್ಟೇ ಬಂತು. "ಬುದ್ಧಿ ತಿಳುದಾಗ್ನಿಂದ ನಾನ್ ನೋಡ್ಕೊಂಡ್ ಬಂದಿರೋ ಜವರಿ ಇವ್ಳೇಯ. ಬೊಟ್ಟು ಈ ಕಡೀಕೇ, ಗಾಯ ಈ ಕಡೀಕೇ. ನೀವೆಲ್ಲಾ ನೋಡೋ ಜವರಮ್ಮನ ನಾನ್ ಯಾವತ್ತ್ ಕಂಡಿದ್ದೆ?" ನಾನು ಕೇಳಿದೆ, "ಮತ್ತೆ ಎಡಗೈ, ಅಜ್ಜಿ?" ಅವಳು ಎರಡೂ ಕೈಗಳನ್ನು ಮುಂದೆ ಚಾಚಿ, ಕಪ್ಪುಗಟ್ಟಿದ ಬೆರಳುಗಳನ್ನು ನೋಡಿಕೊಂಡಳು. "ಎಲ್ಡು ಕೈಲೂ ಗೆಯ್ದಿವ್ನಿ. ಯಾವ್ದಾದ್ರೇನು ಬುಡು."

ಚಿಕ್ಕಪ್ಪ ಹಿತ್ತಲಲ್ಲಿ ಉಜ್ಜುಗೊರಡನ್ನು ಕೆಳಗಿಟ್ಟ. ಆದರೆ ಹಲಗೆಯಲ್ಲಿ ಹಣೆಯಿಂದ ಬಾಯಿಯವರೆಗೆ ಏನೂ ಉಳಿದಿರಲಿಲ್ಲ. ಎರಡು ಕೈ ಮಾತ್ರ ಉಳಿದಿದ್ದವು. ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. ಹೆರಕಲನ್ನು ಮೊರಕ್ಕೆ ಗೋರಿ, "ಒಲೆಗಾಯ್ತದೆ" ಎಂದು ಒಳಗೊಯ್ದಳು. ಆ ಸಂಜೆ ಅವಳ ಮುಖದ ಮೇಲೆಯೇ ನಮ್ಮೆಲ್ಲರ ಕಾಫಿ ಕಾಯಿತು. ತೇಗಕ್ಕೂ ಮಸಿಗೂ ಹತ್ತಿಕೊಂಡ ಬೆಂಕಿ ನೀಲಿಯಾಗಿ ಉರಿಯಿತು.

ಚಿತ್ರ ಕನ್ನಡಿಯ ಪಕ್ಕದ ಗೋಡೆಯ ಮೇಲೇ ಉಳಿಯಿತು. ಆಮೇಲೆ ಚಿಕ್ಕಪ್ಪ, ಅನ್ವರಣ್ಣ ಪಿರಿಯಾಪಟ್ಟಣದ ಒಂದು ಶಾಲೆಯ ಜಗಲಿಯಲ್ಲಿ, ಕೆ.ಆರ್. ನಗರದ ಅಕ್ಕಿ ಗಿರಣಿಯ ಕಣದಲ್ಲಿ, ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟಿನ ಅಂಗಡಿಯೊಂದರ ಮಾಳಿಗೆಯಲ್ಲಿ ಪ್ರದರ್ಶನ ಮಾಡಿದರು. ಪ್ರತಿ ಸಲವೂ ಅಜ್ಜಿಯ ಚಿತ್ರ ಕೇಳಿದರೆ, "ನನ್ನ ಕೊಡಾಕಿಲ್ಲ" ಎನ್ನುತ್ತಿದ್ದಳು. ತಾಯಿಯ ಮುಖವನ್ನು ಚಿಕ್ಕಪ್ಪ ಮತ್ತೆ ಕೆತ್ತಲಿಲ್ಲ. ಸರಿಯಾಗಿ ಕೆತ್ತಿದರೆ ಅವಳಿಗೆ ತಪ್ಪು, ತಪ್ಪಾಗಿ ಕೆತ್ತಿದರೆ ಊರಿಗೆ ನಗು. ಅವನ ಉಳಿ ಎರಡರ ನಡುವೆ ನಿಂತುಬಿಟ್ಟಿತು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಸೊಪ್ಪು ಕಟ್ಟಿ, ಕೈಯ ಅಂಟು ಪುಸ್ತಕಕ್ಕೆ ತಾಗದಂತೆ ಬಸ್ಸಿನಲ್ಲಿ ನಿಂತೇ ಓದಿ ಪಡೆದದ್ದು. ಆ ಕಾಗದ ಮನೆಗೆ ತಂದ ದಿನ ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ, "ಎಲ್ಲವ್ವ ಇದ್ರಲ್ಲಿ ನಿನ್ ಮಕ?" ಎಂದು ಕೇಳಿದಳು. ಮುಖ ಹಾಕುವುದಿಲ್ಲ, ಹೆಸರು ಮಾತ್ರ ಎಂದೆ. ಪಾಪ ಎನ್ನುವಂತೆ ನನ್ನನ್ನು ನೋಡಿ, ಅದನ್ನು ತನ್ನ ಚಿತ್ರದ ಕೆಳಗೆ ಗೋಡೆಗೆ ಅಂಟಿಸಿಕೊಟ್ಟಳು. ಅದಾದ ಸ್ವಲ್ಪ ಕಾಲಕ್ಕೆ ಅವಳು ಹೋದಳು. ಕೆಂಪಮ್ಮ ಹೋದಳು, ನಮ್ಮವ್ವ ಹೋದಳು, ಅನ್ವರಣ್ಣನೂ ಹೋದ. ಬ್ಯಾರನ್ನಿನ ಇಟ್ಟಿಗೆಗಳು ಯಾರದೋ ಕಾಂಪೌಂಡಾದವು. ಮನೆ ಇದ್ದ ಜಾಗವೂ ಸೇರಿ ಅಲ್ಲೆಲ್ಲ ಈಗ ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲ. ನೆಲ ಅಗೆದರೆ ಶುಂಠಿ ವಾಸನೆ ಬರುತ್ತದೆ, ಸೊಪ್ಪಿನದಲ್ಲ.

ನಾವು ಸುತ್ತಿ ತಂದಿದ್ದ ಅಜ್ಜಿಯ ಚಿತ್ರ ತೋರಿಸಿ, ಗ್ಯಾಲರಿಯಲ್ಲಿ ಸ್ಫೂರ್ತಿಗೆ ಎಡಗೈಯ ಕಥೆ ಹೇಳಿದೆ. ಅವಳಿಗೆ ಖುಷಿಯಾಯಿತು. ಆಹ್ವಾನ ಪತ್ರಿಕೆಯ ಮೇಲೆ ಈ ಚಿತ್ರವನ್ನೇ ಹಾಕಬೇಕೆಂದಿದ್ದಳಂತೆ. "ಒಂದು ಸೆಕೆಂಡ್ ಮೇಡಂ" ಎಂದು ಫೋನಿನಲ್ಲಿ ಚಿತ್ರದ ಫೋಟೋ ತೆಗೆದು, ಏನೋ ಒತ್ತಿ ಎಡಬಲ ಮಾಡಿ, ಫೋನನ್ನು ನಮ್ಮ ಕಡೆ ತಿರುಗಿಸಿದಳು. "ನೋಡಿ, ಸರಿ ಹೋಯ್ತು. ಕಾರ್ಡಿಗೆ ಯಾವುದು ಹಾಕ್ಲಿ?"

ಅಜ್ಜಿ. ಬಲಮೂಗಿಗೆ ಬೊಟ್ಟು, ಎಡಹುಬ್ಬಿನ ಮೇಲೆ ಸುಟ್ಟ ಗುರುತು, ಬಲಗೈಯಲ್ಲಿ ದಾರ. ನನಗೆ ಕಹಿ ತುತ್ತು ಕೊಟ್ಟವಳು, ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದವಳು. ಇಷ್ಟು ವರ್ಷಗಳಲ್ಲಿ ಅವಳು ನನ್ನ ಕನಸಿನಲ್ಲೂ ಇಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಚಿಕ್ಕಪ್ಪ ಕೈ ಚಾಚಿ ಫೋನು ಇಸಿದುಕೊಂಡು, ಆಪರೇಷನ್ ಆದ ಕಣ್ಣಿನ ಹತ್ತಿರ ಹಿಡಿದ. "ಅವ್ವ" ಎಂದ. ಅಂದು ಕತ್ತಲಿನಿಂದ ಬಂದ ಆ ಮಾತಿಗೆ ಉತ್ತರ ಅವನ ಅಂಗೈಯಲ್ಲಿತ್ತು. ತಾಯಿಯನ್ನು ಅವನು ನೆಟ್ಟಗೇ ನೋಡಿದ್ದ, ಒಂದು ಗೆರೆಯೂ ತಪ್ಪಿರಲಿಲ್ಲ. ಊರಿಗೆಲ್ಲ ಅದನ್ನು ಹಂಚಬಹುದಿತ್ತು. "ನೀನ್ ಓದ್ದೋಳು, ನೀನೇ ಯೋಳವ್ವ" ಎಂದ ನನಗೆ. ಅಷ್ಟರಲ್ಲಿ ಫೋನಿನ ಬೆಳಕು ತಾನಾಗಿಯೇ ಆರಿತು. ಸ್ಫೂರ್ತಿ ಮತ್ತೆ ಹೊತ್ತಿಸಲು ಬೆರಳು ಚಾಚಿದಳು. ಅವನು ಫೋನನ್ನು ಅವಳ ಕೈಯಲ್ಲಿಟ್ಟ.

"ಬುಡವ್ವ. ಅದು ನಾವ್ ಕಂಡಿದ್ದು. ಕಾರ್ಡಿಗೆ ಅವ್ವ ಕಂಡಿದ್ದೇ ಇರ್ಲಿ."

ಪ್ರದರ್ಶನದ ದಿನ ಬಹಳ ಜನ ಬಂದಿದ್ದರು. ಬಿಳಿ ಗೋಡೆಯ ಮೇಲೆ ಅಜ್ಜಿ ಎಡಗೈಯಲ್ಲಿ ಸೊಪ್ಪು ಕಟ್ಟುತ್ತ ಕೂತಿದ್ದಳು. ಜನ ಹತ್ತಿರ ಹೋಗಿ ಗೆರೆ ನೋಡಿದರು, ಹಿಂದೆ ಸರಿದು ನೆರಳು ನೋಡಿದರು, ಚೆನ್ನಾಗಿದೆ ಎಂದು ಮೆಲ್ಲಗೆ ಹೇಳಿ ಮುಂದಿನ ಚಿತ್ರಕ್ಕೆ ಹೋದರು. ಚಿಕ್ಕಪ್ಪ, ನಾನು ಒಂದು ಮೂಲೆಯಲ್ಲಿ ನಿಂತು, ಆ ಎಡಗೈಯನ್ನು ಯಾರಾದರೂ ಗುರುತು ಹಿಡಿಯುತ್ತಾರೇನೋ ಎಂದು ಕಾದೆವು, ಬಾಗಿಲು ಹಾಕುವವರೆಗೂ. ಯಾರೂ ನಗಲಿಲ್ಲ.