ಅತ್ತೆ ಮುರಿದ ವಿಮಾನದ ಸೀಟು

ನಾನು ವಿಮಾನ ವಿನ್ಯಾಸ ಮಾಡುತ್ತೇನೆ ಎಂದರೆ ಜನ ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ವಿಮಾನದ ಸೀಟು ಎಂದ ಕೂಡಲೇ ಮಾತು ಬದಲಾಯಿಸುತ್ತಾರೆ. ಹಾಗಾಗಿ ಮೊದಲನೆಯದನ್ನು ಹೇಳಿ ಸುಮ್ಮನಾಗುವುದು ನನ್ನ ಅಭ್ಯಾಸ.

ಅದು ಇನ್ನೂ ಹುಟ್ಟದ ವಿಮಾನ. ಹತ್ತು ಹದಿನೈದು ವರ್ಷದ ಮೇಲೆ ಹಾರಬೇಕಾದದ್ದು. ಈಗಿನವುಗಳಿಗಿಂತ ಕಡಿಮೆ ಇಂಧನ ಕುಡಿಯಬೇಕು, ಕಡಿಮೆ ಇಂಗಾಲ ಉಗುಳಬೇಕು. ರೆಕ್ಕೆ, ಎಂಜಿನ್ನುಗಳನ್ನು ಎಲ್ಲೋ ಇರುವ ಜಾಣರು ನೋಡಿಕೊಳ್ಳುತ್ತಾರೆ. ಇಂದಿರಾನಗರದ ನಮ್ಮ ಸಣ್ಣ ಆಫೀಸಿನ ಪಾಲಿಗೆ ಬಂದದ್ದು ಸೀಟು. ಒಂದು ಸೀಟಿನಲ್ಲಿ ಒಂದು ಕಿಲೋ ಇಳಿಸಿದರೆ ಇಡೀ ವಿಮಾನದಲ್ಲಿ ಎಷ್ಟು ಇಳಿಯುತ್ತದೆ, ಆ ಭಾರ ಹೊರದೆ ಹಾರಿದರೆ ಎಷ್ಟು ಹೊಗೆ ಕಡಿಮೆಯಾಗುತ್ತದೆ ಎಂದು ನಾನು ಮದುವೆ ಮನೆಗಳಲ್ಲೂ ವಿವರಿಸುತ್ತಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕದವರು ಮಜ್ಜಿಗೆಗೂ ಕಾಯದೆ ಏಳುತ್ತಿದ್ದರು.

ನನ್ನ ಸೀಟಿನ ಕೆಳಗೆ ಲೋಹದ ತಗಡು ಇರಲಿಲ್ಲ. ಕಾರ್ಬನ್ ಫೈಬರಿನ ತೆಳು ಕೊಳವೆಗಳ ಚೌಕಟ್ಟು, ಅದರ ಮೇಲೆ ಬಿಗಿದ ಬಲೆ, ಅಷ್ಟೇ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಎತ್ತಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದೆ.

"ಕಾರ್ಬನ್ ಕಮ್ಮಿ ಮಾಡ್ತೀನಿ ಅಂತೀಯ, ಕಾರ್ಬನ್ನಲ್ಲೇ ಸೀಟು ಮಾಡಿದ್ದೀಯ. ಏನೋ ಇದು?" ಎಂದು ಕೇಳಿದವಳು ನಮ್ಮತ್ತೆ ಒಬ್ಬಳೇ. ಇದು ಬೇರೆ ಕಾರ್ಬನ್ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅವಳು ಅಷ್ಟರಲ್ಲಿ ಎರಡು ಕಟ್ಟು ಸೊಪ್ಪು ಬಿಡಿಸಿ ಮುಗಿಸಿದಳು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು. ಕೆ.ಆರ್. ಪುರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹಿಂದೆ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಅತ್ತೆ ಬಾಲ್ಕನಿಯಲ್ಲಿ ಕೆಮ್ಮಿದರೆ ಸಾಕು, ಬಾಡಿಗೆಯವರು ಓಡಿಹೋಗಿ ನೀರಿನ ಮೋಟಾರ್ ಆಫ್ ಮಾಡುತ್ತಾರೆ. ಅಂಥವಳಿಗೆ ಒಂದೇ ಒಂದು ಅಂಜಿಕೆ ಇತ್ತು. ಮುಂದಿನ ತಿಂಗಳು ಭಜನೆ ಗುಂಪಿನ ಜೊತೆ ಕಾಶಿಗೆ ವಿಮಾನದಲ್ಲಿ ಹೋಗುವವಳಿದ್ದಳು. ಜೀವನದ ಮೊದಲ ವಿಮಾನ.

ಆಗಲೇ ನಮಗೆ ಸೀಟಿನ ಪರೀಕ್ಷೆಗೆ ಹೊರಗಿನ ಜನ ಬೇಕಾದರು. ಸುಮ್ಮನೆ ಎರಡು ಗಂಟೆ ಕೂತಿರಬೇಕು, ಅಷ್ಟೇ ಕೆಲಸ. "ನಾನೂ ಬರ್ತೀನಿ, ಪ್ರಾಕ್ಟೀಸ್ ಆಗುತ್ತೆ" ಎಂದು ಅತ್ತೆ ರೇಷ್ಮೆ ಸೀರೆ ಉಟ್ಟು ಹೊರಟಳು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ ದಾಟುವುದಕ್ಕೇ ಮುಕ್ಕಾಲು ಗಂಟೆ ಹಿಡಿದು, ಆಫೀಸು ತಲುಪುವ ಹೊತ್ತಿಗೆ ಅವಳಿಗೆ ಕೂತಿರುವ ಪ್ರಾಕ್ಟೀಸ್ ಸಾಕಷ್ಟು ಆಗಿತ್ತು.

ಬಾಗಿಲಲ್ಲೇ ಎಲ್ಲರ ತೂಕ ನೋಡಿದೆವು. ಅತ್ತೆ ಕೈಚೀಲ ನನ್ನ ಕೈಗಿತ್ತಳು, ಬಳೆ ಬಿಚ್ಚಿದಳು, ಉಸಿರು ಬಿಗಿಹಿಡಿದು ನಿಂತಳು. ಮಿತಿಯೊಳಗೆ ಆರಾಮಾಗಿ ಇದ್ದಳು. ಅಂಕಿ ಬರೆದುಕೊಂಡವನು ನಾನೇ.

ಒಂದು ಗಂಟೆ ಎಲ್ಲವೂ ಸರಿಯಾಗಿ ನಡೆಯಿತು. ಕಾಕ್ಸ್‌ಟೌನಿನ ಬೇಕರಿಯವರೊಬ್ಬರು ಗೊರಕೆ ಹೊಡೆಯುತ್ತಿದ್ದರು, ಅದನ್ನೂ ನಾನು ಸೀಟಿನ ಲೆಕ್ಕಕ್ಕೆ ಜಮಾ ಮಾಡಿಕೊಂಡೆ. ಅಷ್ಟರಲ್ಲಿ ಅತ್ತೆಯ ಚಪ್ಪಲಿ ಕಾಲಿನಿಂದ ಬಿಟ್ಟು ಪಕ್ಕಕ್ಕೆ ಹೋಗಿದ್ದವು. ಬಲಗಾಲು ಮೇಲೆ ಬಂತು. ಎಡಗಾಲಿನ ಹಿಮ್ಮಡಿಯನ್ನು ಮುಂದಿನ ಕೊಳವೆಯ ಮೇಲೆ ಊರಿ ಅದನ್ನೂ ಮೇಲೆಳೆದುಕೊಳ್ಳಲು ಹೋದಳು. ಟಪ್ ಅಂತು.

ಮುಂದಿನ ಆ ಕೊಳವೆಯನ್ನು ಎಲ್ಲಕ್ಕಿಂತ ತೆಳುವಾಗಿ ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿದ್ದ ಮನುಷ್ಯ ಎರಡೂ ಪಾದ ನೆಲಕ್ಕಿಟ್ಟು ಕೂರುತ್ತಿದ್ದ. ಚಕ್ಕಳಮಕ್ಕಳ ಹಾಕುವುದು ಅವನಿಗೆ ಗೊತ್ತೇ ಇರಲಿಲ್ಲ. ತಪ್ಪು ನನ್ನದು ಎಂದು ಆ ಕ್ಷಣವೇ ತಿಳಿಯಿತು.

ಅತ್ತೆ ಬಲೆಯೊಳಗೆ ಕುಸಿದು ಕೂತಿದ್ದಳು. ಪೆಟ್ಟೇನೂ ಆಗಿರಲಿಲ್ಲ. ಯಾರೋ ಕಿಸಕ್ಕೆಂದು ನಕ್ಕರು. ನಮ್ಮ ಮೇಡಂ, ಅಂದರೆ ಆಫೀಸಿನ ಮುಖ್ಯಸ್ಥೆ, ನನ್ನನ್ನು ಕೇಳಿದರು: "ಇವರು ವೇಟ್ ಲಿಮಿಟ್ ಒಳಗಿದ್ದಾರೆ ಅಲ್ವಾ?"

"ಸ್ವಲ್ಪ ಬಾರ್ಡರ್‌ನಲ್ಲಿದ್ದಾರೆ ಮೇಡಂ" ಎಂದೆ.

ಅತ್ತೆ ನನ್ನ ಮುಖ ನೋಡಲಿಲ್ಲ. ಬಿಚ್ಚಿಟ್ಟಿದ್ದ ಬಳೆ ಹಾಕಿಕೊಂಡು ಎದ್ದಳು. ಆಮೇಲೆ ನಾನು ವರದಿಯಲ್ಲಿ, ಪ್ರಯಾಣಿಕರಿಂದ ಸೀಟಿನ 'ಮಿಸ್‌ಯೂಸ್' ಎಂದು ಬರೆದೆ. ನಾಚಿಕೆಗೆಟ್ಟವನು.

ಮರುದಿನದಿಂದ ಅತ್ತೆ ಮುದ್ದೆ ಬಿಟ್ಟಳು. ಒಣ ಚಪಾತಿ ಎರಡು, ಸೌತೆಕಾಯಿ ನಾಲ್ಕು ಹೋಳು. ಬೆಳಗ್ಗೆ ಎದ್ದು ಲೇಔಟಿನ ಸುತ್ತ ನಾಲ್ಕು ಸುತ್ತು ನಡಿಗೆ. ಬಾಡಿಗೆಯವರನ್ನು ಬೈಯುವ ಹುಮ್ಮಸ್ಸೂ ಹೋಗಿ, ಮೂರು ದಿನ ಟ್ಯಾಂಕು ತುಂಬಿ ಹರಿಯಿತು. ಎರಡನೆಯ ವಾರ ಅವಳು ಭಜನೆ ಗುಂಪಿನವರಿಗೆ ಫೋನ್ ಮಾಡುತ್ತಿದ್ದುದು ಕಿವಿಗೆ ಬಿತ್ತು. "ನಾನ್ ಬರಲ್ಲ ಕಣ್ರೇ. ಮೇಲೆ ಆಕಾಶದಲ್ಲಿ ಸೀಟ್ ಮುರಿದ್ಬಿಟ್ರೆ ಎಲ್ರೂ ನಗ್ತಾರೆ. ನೀವ್ ಹೋಗ್ಬನ್ನಿ."

ನನಗೆ ಅಳು ಬಂತು. ನೇರ ಹೋಗಿ ಹೇಳಿಬಿಟ್ಟೆ. "ಅತ್ತೆ, ಸೀಟು ಮುರಿದಿದ್ದು ನಿನ್ನ ತೂಕಕ್ಕಲ್ಲ. ನಾನು ಮಾಡಿದ್ದೇ ಸರಿಯಿರಲಿಲ್ಲ. ನೀನು ಲಿಮಿಟ್ ಒಳಗೇ ಇದ್ದೆ."

ಅವಳು ಕೈಯಲ್ಲಿದ್ದ ಚಪಾತಿ ತಟ್ಟೆಗೆ ಹಾಕಿದಳು. "ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಈಗ ಅಡುಗೆಮನೇಲಿ ಬಂದು ಹೇಳ್ತಿದ್ದೀಯ? ನನ್ನ ಮರ್ಯಾದೆ ಹೋಗಿದ್ದು ಅಡುಗೆಮನೇಲಾ?"

ಮಾರನೆಯ ದಿನ ಮೇಡಂ ಎದುರು ಕೂತು ಎಲ್ಲ ಒಪ್ಪಿಕೊಂಡೆ. ಸುಳ್ಳು ಹೇಳಿದ್ದಕ್ಕೆ ಬೇಕಾದಷ್ಟು ಬೈದರು. ಕೊಳವೆ ದಪ್ಪ ಮಾಡೋಣ ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. "ದಪ್ಪ ಮಾಡಿದ್ರೆ ವೇಟ್ ಜಾಸ್ತಿ ಆಗುತ್ತೆ. ಫ್ಲೈಟಲ್ಲಿ ಯಾರ್ರೀ ಚಕ್ಕಳಮಕ್ಕಳ ಹಾಕ್ತಾರೆ?"

ನಮ್ಮ ಮೀಟಿಂಗ್ ಮೇಜು ಗಾಜಿನದು. ತಲೆ ತಗ್ಗಿಸಿದವನಿಗೆ ಅವರ ಚಪ್ಪಲಿ ಕಾಣಿಸಿತು, ಕಾಲು ಕಾಣಿಸಲಿಲ್ಲ. ಎರಡೂ ಕುರ್ಚಿಯ ಮೇಲೆ ಮಡಚಿಕೊಂಡಿದ್ದವು. ನಾನು ನೋಡುತ್ತಿದ್ದುದನ್ನು ಅವರೂ ನೋಡಿದರು. ಒಂದು ಕಾಲು ಕೆಳಗಿಳಿಸಿದರು. ಸ್ವಲ್ಪ ಯೋಚಿಸಿ ಮತ್ತೆ ಮೇಲಿಟ್ಟುಕೊಂಡರು.

"ರಿಪೋರ್ಟಿಂದ ಆ ಮಿಸ್‌ಯೂಸ್ ಅನ್ನೋದನ್ನ ತೆಗೆದ್ಬಿಡಿ" ಎಂದರು.

ಮುಂದಿನ ಕೊಳವೆ ದಪ್ಪವಾಯಿತು. ಹೆಚ್ಚಿದ ತೂಕವನ್ನು ಸರಿದೂಗಿಸಲು, ಸೀಟನ್ನು ಹಿಂದಕ್ಕೆ ಒರಗಿಸುವ ಏರ್ಪಾಡನ್ನೇ ಕಿತ್ತುಹಾಕಿದೆ. ಹಿಂದೆ ಕೂರುವವರೆಲ್ಲ ನನಗೆ ಪುಣ್ಯ ಬರಲಿ ಎಂದು ಹರಸಲಿ. ಮತ್ತೆ ಪರೀಕ್ಷೆಗೆ ಅದೇ ಜನರನ್ನು ಕರೆದೆವು. ಅತ್ತೆ ಬರುವುದಿಲ್ಲ ಎಂದವಳು, ಎಲ್ಲರೂ ಬರುತ್ತಾರೆ ಎಂದ ಮೇಲೆ ಬಂದಳು. ಅದೇ ರೇಷ್ಮೆ ಸೀರೆ. ಬಂದವಳು ಕೂರಲಿಲ್ಲ, ಸೀಟಿನ ಪಕ್ಕ ನಿಂತು ನನ್ನನ್ನೇ ನೋಡಿದಳು.

ನಾನು ಎಲ್ಲರ ಮುಂದೆ, ಹೋದ ಸಲ ಮುರಿದದ್ದು ನನ್ನ ತಪ್ಪಿನಿಂದ, ನಮ್ಮತ್ತೆಯ ತೂಕ ಸರಿಯಾಗಿಯೇ ಇತ್ತು, ಗೊತ್ತಿದ್ದೂ ನಾನು ಸುಳ್ಳು ಹೇಳಿದೆ ಎಂದೆ.

"ಏನಂದೆ? ಕೇಳಿಸ್ಲಿಲ್ಲ" ಎಂದಳು ಅತ್ತೆ.

ಇನ್ನೊಮ್ಮೆ, ಜೋರಾಗಿ ಹೇಳಿದೆ.

"ಆ ಕಡೆ ಬೇಕರಿಯವ್ರಿಗೂ ಕೇಳಿಸ್ಬೇಕಲ್ಲ."

ಮೂರನೆಯ ಸಲ ಹೇಳಿದೆ. ಅತ್ತೆ ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ, ಎರಡೂ ಕಾಲು ಮೇಲೆಳೆದುಕೊಂಡು ಸೀಟಿನ ತುಂಬ ಕೂತಳು. ಎರಡು ಗಂಟೆ ಅಲುಗಾಡಲಿಲ್ಲ.